ಸಾರಿಗೆ ಬೆರೆಸಿದ ಮಾತ್ರೆ

ಆಗ ನನಗೆ ಐವತ್ತೊಂದು. ಹದಿಮೂರು ವರ್ಷದ ಹಿಂದಿನ ಮಾತು ಇದು. ಕಾಗದದಲ್ಲಿ ನನ್ನ ಕೆಲಸದ ಹೆಸರು ಆಯಾ ಎಂದಿತ್ತು. ಮಾಡುತ್ತಿದ್ದ ಕೆಲಸ ಬೇರೆ. ಹಲಸೂರಿನಲ್ಲಿ ಒಂದು ಟ್ರಸ್ಟಿನವರು ಮನಸ್ಸಿನ ಕಾಯಿಲೆಯವರಿಗಾಗಿ ಕ್ಲಿನಿಕ್ಕು ನಡೆಸುತ್ತಿದ್ದರು. ಹೇಳಿದ ದಿನ ಯಾರು ಬರಲಿಲ್ಲವೋ ಅವರ ಮನೆ ಹುಡುಕಿಕೊಂಡು ಹೋಗಿ, ಯಾಕೆ ಬರಲಿಲ್ಲ, ಮಾತ್ರೆ ನುಂಗುತ್ತಿದ್ದಾರಾ, ನಿದ್ದೆ ಮಾಡುತ್ತಾರಾ, ಸ್ನಾನ ಮಾಡುತ್ತಾರಾ ಎಂದು ನೋಡಿಕೊಂಡು ಬರುವುದು ನನ್ನ ಪಾಲಿನ ಕೆಲಸ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ನಾನು ನಡೆಯದ ಗಲ್ಲಿ ಇಲ್ಲ.

ಓದಿದ್ದು ಮೂರನೇ ಕ್ಲಾಸು. ಕನ್ನಡ ಅಕ್ಷರ ಕೂಡಿಸಿ ಓದುತ್ತಿದ್ದೆ. ಇಂಗ್ಲಿಷು ಬರುತ್ತಿರಲಿಲ್ಲ. ಮಾತ್ರೆಗಳನ್ನು ಬಣ್ಣದಿಂದ, ಗಾತ್ರದಿಂದ ಗುರುತು ಹಿಡಿಯುತ್ತಿದ್ದೆ. ಅದೊಂದು ಹೆಚ್ಚುಗಾರಿಕೆ ಎಂದು ತಿಳಿದಿದ್ದೆ.

ಈಗ ಅಲ್ಲಿ ಹೊಸದಾಗಿ ಸೇರುವ ಹುಡುಗಿಯರಿಗೆ ನನ್ನನ್ನು ಕರೆಸಿ ನಾಲ್ಕು ಮಾತು ಹೇಳಿಸುತ್ತಾರೆ. ಬಾಯಲ್ಲಿ ಹೇಳುವಾಗ ನಾನು ನಗಿಸಿಬಿಡುತ್ತೇನೆ. ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೆ ಕೂತು ಬರೆದಿದ್ದೇನೆ.

ಮೊದಲು ಸಣ್ಣಪುಟ್ಟದ್ದು. ಹೋದ ಮನೆಯಲ್ಲಿ ಕುರ್ಚಿ ಕೊಟ್ಟರೂ ನೆಲದ ಮೇಲೆ ಕೂರಿ. ಕಾಯಿಲೆಯವರಿಗೂ ಬಾಗಿಲಿಗೂ ನಡುವೆ ಕೂರಬೇಡಿ, ಅವರಿಗೆ ಎದ್ದು ಹೋಗಲು ದಾರಿ ಇರಬೇಕು. ಕೈಗೆ ಏನಾದರೂ ಕೆಲಸ ತೆಗೆದುಕೊಳ್ಳಿ. ಅವರೆಕಾಯಿ ಸುಲಿಯುತ್ತಾ ಕೇಳಿದರೆ ಹೇಳುವವರು ಪೆನ್ನು ಹಿಡಿದು ಕೇಳಿದರೆ ಹೇಳುವುದಿಲ್ಲ. ಕಿವಿಯಲ್ಲಿ ದನಿ ಕೇಳುತ್ತದೆ ಅಂದರೆ ಇಲ್ಲ ಅನ್ನಬೇಡಿ, ಹೌದು ಅಂತಲೂ ಅನ್ನಬೇಡಿ. "ನಂಗೆ ಕೇಳ್ತಿಲ್ಲಪ್ಪ, ನಿಂಗೆ ಕೇಳೋದು ಕಷ್ಟ ಅಲ್ವಾ" ಅನ್ನಿ, ಸಾಕು. ಸೇರಿದ ಹೊಸತರಲ್ಲಿ ಶಿವಾಜಿನಗರದ ಒಬ್ಬ ಮೆಕ್ಯಾನಿಕ್ಕು, ಟಿವಿಯಲ್ಲಿ ವಾರ್ತೆ ಓದುವ ಹೆಂಗಸು ತನ್ನ ಹೆಸರು ಹಿಡಿದು ಬೈಯುತ್ತಾಳೆ ಅಂದ. ನಾನು ಕಿಸಕ್ಕನೆ ನಕ್ಕುಬಿಟ್ಟೆ. ಅವನು ಎದ್ದು ಹೋದವನು ಎರಡು ವರ್ಷ ಯಾರ ಕೈಗೂ ಸಿಗಲಿಲ್ಲ. ಸಿಕ್ಕಾಗ ಅವನಿಗೆ ತಾಯಿಯ ಗುರುತೂ ಇರಲಿಲ್ಲ. ಒಂದು ನಗುವಿಗೆ ಎರಡು ವರ್ಷ.

ನಾನು ಸೇರಿದಾಗ ಇದ್ದ ಹಳೆಯ ಡಾಕ್ಟರು ತಲೆ ಎತ್ತದೆ ಚೀಟಿ ಬರೆಯುತ್ತಿದ್ದರು. ಮನೆಯವರ ಜೊತೆ ಮಾತು, ಕಾಯಿಲೆಯವರಿಗೆ ಮಾತ್ರೆ, ಇಷ್ಟೇ. ಅವರು ಹೋಗಿ ಒಬ್ಬ ಡಾಕ್ಟರಮ್ಮ ಬಂದರು. ಅವರು ಹೆಚ್ಚು ಮಾತಿನವರಲ್ಲ, ಆದರೆ ಕಾಯಿಲೆಯವರ ಮುಖ ನೋಡುತ್ತಿದ್ದರು. "ರತ್ನಮ್ಮ, ಕಾಯಿಲೆ ಶುರುವಾಗಿ ಹತ್ತು ವರ್ಷ ಆದವ್ರನ್ನೂ ನೋಡ್ಕೊಳೋಣ. ಆದ್ರೆ ಒಂದು ವರ್ಷದ ಒಳಗೆ ಇರೋರು ಕೈ ಜಾರ್ಬಾರ್ದು. ಅವ್ರಿಗೆ ವಾಪಸ್ ಹೋಗೋಕೆ ಇನ್ನೂ ಕಾಲೇಜಿರುತ್ತೆ, ಕೆಲ್ಸ ಇರುತ್ತೆ, ಸ್ನೇಹಿತ್ರು ಇರ್ತಾರೆ" ಅನ್ನುತ್ತಿದ್ದರು. ಅದು ನನ್ನ ತಲೆಗೆ ಹೋಯಿತು. ಹೋದದ್ದು ಸ್ವಲ್ಪ ಜಾಸ್ತಿಯೇ ಆಯಿತು.

ಈಗ ಪ್ರೇಮಾ ವಿಷಯ. ಅವಳ ನಿಜವಾದ ಹೆಸರು ಅದಲ್ಲ.

ಪ್ರೇಮಾ ಇಪ್ಪತ್ತು ವರ್ಷದ ಹುಡುಗಿ, ಬಿ.ಕಾಂ. ಎರಡನೇ ವರ್ಷ. ಮನೆ ವಿಮಾನಪುರದ ಆಚೆಗಿನ ಹಳೇ ಹಳ್ಳಿ. ಅಪ್ಪ ಮುನಿಕೃಷ್ಣಪ್ಪ. ಅವರ ತಂದೆಯ ಕಾಲಕ್ಕೆ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಮಹಡಿ ಎದ್ದಿತ್ತು, ಮೇಲಿನ ಎರಡರಲ್ಲಿ ಬಾಡಿಗೆಯವರು. ತಾಯಿ ಜಯಮ್ಮ. ಒಬ್ಬಳೇ ಮಗಳು.

ಮೇಲಿನ ಮನೆಯವರು ತನ್ನ ಬಗ್ಗೆ ಮಾತಾಡಿಕೊಳ್ಳುತ್ತಾರೆ ಎಂದು ಶುರುವಾಯಿತು. ಆಮೇಲೆ ಊಟದಲ್ಲಿ ಏನೋ ಹಾಕುತ್ತಾರೆ ಎಂದಳು. ಜಯಮ್ಮನಿಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ. ನಮ್ಮ ಕಡೆ ಇಡುಮದ್ದು ಅಂತ ಒಂದಿದೆಯಲ್ಲ, ಆಗದವರು ಊಟದಲ್ಲಿ ಬೆರೆಸಿ ಹಾಕುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯರನ್ನು ಒಣಗಿಸುತ್ತದೆ ಎಂದು. ಓರಗಿತ್ತಿಯೇ ಹಾಕಿಸಿದ್ದಾಳೆ ಎಂದು ಜಯಮ್ಮ ತೀರ್ಮಾನ ಮಾಡಿ, ಕೆ.ಆರ್. ಪುರದ ಆಚೆ ಮದ್ದು ತೆಗೆಯುವವನೊಬ್ಬನ ಹತ್ತಿರ ಐದು ತಿಂಗಳು ನಡೆದಳು. ಹುಡುಗಿಗೆ ಏನೋ ಸೊಪ್ಪಿನ ರಸ ಕುಡಿಸಿ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿಸುವುದು, ವಾಂತಿಯಲ್ಲಿ ಕೂದಲು ತೋರಿಸುವುದು. ಹುಡುಗಿಗೆ ಇನ್ನೂ ಗಟ್ಟಿಯಾಯಿತು: ನೋಡಿ, ಕೂದಲು ಬಂತು, ಹಾಕುತ್ತಿರುವುದು ನಿಜ.

ಕೊನೆಗೆ ಕಾಲೇಜಿನ ಒಬ್ಬ ಮೇಡಂ ಬೈದು ನಮ್ಮಲ್ಲಿಗೆ ಕಳಿಸಿದರು. ಡಾಕ್ಟರಮ್ಮ ಒಂದು ಗಂಟೆ ಮಾತಾಡಿಸಿ ಹೊರಗೆ ಬಂದು, "ಎಂಟು ತಿಂಗ್ಳಷ್ಟೆ ರತ್ನಮ್ಮ. ಬೇಗ ಸಿಕ್ಕಿದಾಳೆ. ಬಿಡ್ಬೇಡಿ" ಅಂದರು. ದಿನಕ್ಕೆ ಒಂದೇ ಮಾತ್ರೆ, ಹುಡುಗಿಗೆ ತಿಳಿಸಿ, ಒಪ್ಪಿಸಿ ಕೊಡಬೇಕು. ಒಪ್ಪದಿದ್ದರೆ ಬಂದು ಹೇಳಬೇಕು, ನಾನೇ ಮನೆಗೆ ಬಂದು ಕೂತು ಮಾತಾಡುತ್ತೇನೆ. ಇದು ಅವರ ಮಾತು.

ಹುಡುಗಿ ಒಪ್ಪಲಿಲ್ಲ. ಎರಡು ಸಲ ಹೋದೆ. ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತಿದ್ದಳು. "ಆಂಟಿ, ನಿಮ್ಮ ಮಾತ್ರೆ ನಿಮ್ಮನೇಲಿ ಇಟ್ಕೊಳ್ಳಿ. ಮೊದ್ಲು ನಮ್ಮ ಅಡ್ಗೆಮನೆ ಚೆಕ್ ಮಾಡಿ. ಸಾರಲ್ಲಿ ಏನೋ ಹಾಕ್ತಾರೆ, ನಂಗೊತ್ತು."

"ಯಾರೂ ಏನೂ ಹಾಕಲ್ಲ ಕಣಮ್ಮ. ಹಾಗನ್ನಿಸೋದೇ ಕಾಯಿಲೆ" ಅಂದೆ.

ನನ್ನ ಬಾಯಿಂದ ಬಂದ ಮಾತು ಅದು.

ಆವತ್ತು ಹೊರಡುವಾಗ ಜಯಮ್ಮ ಗೇಟಿನ ಹತ್ತಿರ ಅತ್ತಳು. "ರತ್ನಕ್ಕ, ಅವ್ಳು ನುಂಗಲ್ಲ. ಅವ್ಳಪ್ಪ ಬೇರೆ, ಹುಚ್ಚಿನ ಮಾತ್ರೆ ನಮ್ಮನೇಲಿ ಬೇಡ, ನಾಳೆ ಯಾರು ಮದ್ವೆ ಆಗ್ತಾರೆ ಅಂತ ಕೂಗಾಡ್ತಾರೆ. ನಾನೇನ್ ಮಾಡ್ಲಿ?"

ನಾನು ಹೇಳಿದೆ, "ಪುಡಿ ಮಾಡು. ಮಧ್ಯಾಹ್ನ ಅವಳ ತಟ್ಟೆ ಸಾರಿಗೆ ಬೆರ್ಸು. ರುಚಿ ಗೊತ್ತಾಗಲ್ಲ. ಗಂಡಂಗೆ ಹೇಳ್ಬೇಡ."

ಡಾಕ್ಟರಮ್ಮನಿಗೂ ಹೇಳಲಿಲ್ಲ. ಕೆಲಸದ ಕಳ್ಳತನ ಅದು, ನನ್ನ ಹಾಗೆ ಮನೆಮನೆಗೆ ಹೋಗುವ ಆಯಾಗಳಿಗೆಲ್ಲ ಗೊತ್ತಿತ್ತು. ಮೊಸರಿನಲ್ಲಿ, ಚಟ್ನಿಯಲ್ಲಿ, ಇಡ್ಲಿ ಹಿಟ್ಟಿನಲ್ಲಿ. ಮನೆಯವರು ಕೈ ಮುಗಿಯುತ್ತಿದ್ದರು. ಕಾಯಿಲೆಯವರು ಸುಮ್ಮನಾಗುತ್ತಿದ್ದರು. ಡಾಕ್ಟರ ಪುಸ್ತಕದಲ್ಲಿ 'ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ' ಎಂದು ಬೀಳುತ್ತಿತ್ತು. ಯಾರಿಗೆ ನಷ್ಟ ಎಂದುಕೊಂಡಿದ್ದೆ.

ಎರಡು ವಾರ ಕಳೆಯಿತು. ಒಂದು ಸೋಮವಾರ ಮುನಿಕೃಷ್ಣಪ್ಪ ಒಬ್ಬನೇ ಕ್ಲಿನಿಕ್ಕಿಗೆ ಬಂದ. ಯಾರಾದರೂ ಗುರುತಿನವರು ನೋಡಿಯಾರು ಎಂದು ಹೆಲ್ಮೆಟ್ಟು ತೆಗೆಯದೆ ಮೆಟ್ಟಿಲ ಹತ್ತಿರ ನಿಂತಿದ್ದ. ಕೂಗಾಡುವ ಗಂಡಸು ಮೆತ್ತಗಾಗಿದ್ದ. "ಏನಮ್ಮ, ಆ ಮಾತ್ರೆ ಕೊಡ್ಸು. ನಿನ್ನೆ ಮಗ್ಳು ನಲ್ಲಿ ಹತ್ರ ನಿಂತು ಒಬ್ಳೇ ಜಗಳ ಆಡ್ತಿದ್ಲು. ಬಾಡಿಗೆಯೋರು ಬಗ್ಗಿ ಬಗ್ಗಿ ನೋಡ್ತಿದ್ರು. ನಾನೇ ಹೆಂಗಾದ್ರೂ ಕೊಡ್ತೀನಿ. ಮನೆಯವ್ಳಿಗೆ ಗೊತ್ತಾಗೋದು ಬೇಡ, ಅವ್ಳು ವಾಂತಿ ಮಾಡ್ಸೋನ ಹತ್ರ ಮತ್ತೆ ಓಡ್ತಾಳೆ."

ನನ್ನ ಲೆಕ್ಕ ಹೀಗಿತ್ತು: ಜಯಮ್ಮನಿಗೆ ಕೊಟ್ಟ ಮಾತ್ರೆ ಹೋದ ಬುಧವಾರಕ್ಕೆ ಮುಗಿದಿರಬೇಕು. ಮತ್ತೆ ಬಂದಿಲ್ಲ. ಅಂದರೆ ಹೆದರಿ ಬಿಟ್ಟಿದ್ದಾಳೆ. ಅದಕ್ಕೇ ಹುಡುಗಿ ನಲ್ಲಿ ಜೊತೆ ಜಗಳ. ನಿಜ ಏನಾಗಿತ್ತು ಅಂದರೆ, ಗುರುವಾರ ನಾನು ರಜೆಯಲ್ಲಿದ್ದೆ. ಆವತ್ತು ಜಯಮ್ಮ ಬಂದು ಒಂದು ತಿಂಗಳಿಗಾಗುವಷ್ಟು ಮಾತ್ರೆ ತೆಗೆದುಕೊಂಡು ಹೋಗಿದ್ದಳು. ಕ್ಲಿನಿಕ್ಕಿನಲ್ಲಿದ್ದ ಹುಡುಗಿಯ ಕಾರ್ಡಿನಲ್ಲಿ ಅದನ್ನು ಇಂಗ್ಲಿಷಿನಲ್ಲಿ ಬರೆದಿತ್ತು. ಆ ಕಾರ್ಡು ನನ್ನ ಕೈಯಲ್ಲೇ ಇತ್ತು. ಔಷಧಿ ಕೊಡುವ ಹುಡುಗನಿಗೆ ಕಾರ್ಡು ತೋರಿಸದೆ, "ಈ ಮನೆ ನಂಗೊತ್ತು, ಹೋದ್ವಾರ ಬಂದಿಲ್ಲ, ಕೊಡು" ಅಂದೆ. ಅಲ್ಲಿ ಹದಿನೈದು ವರ್ಷ ಸವೆದವಳ ಮಾತು, ಕೊಟ್ಟ.

ಮುನಿಕೃಷ್ಣಪ್ಪನಿಗೂ ಅದೇ ಪಾಠ ಹೇಳಿದೆ. "ಸಾಯಂಕಾಲ ಅವಳ ಹಾಲಿಗೆ ಬೆರ್ಸಿ. ಹೆಂಡ್ತಿಗೆ ಹೇಳ್ಬೇಡಿ."

ಒಂದು ವಾರ ಬಿಟ್ಟು ಆ ಮನೆಗೆ ಹೋದಾಗ ಹುಡುಗಿ ಸೋಫಾದ ಮೇಲೆ ಕೂತಿದ್ದಳು. ಜಗಳ ಇಲ್ಲ, ಮಾತೂ ಇಲ್ಲ. ಬಾಯಿ ತುದಿಯಲ್ಲಿ ಜೊಲ್ಲು. ನಡೆದರೆ ಕೈ ಬೀಸುತ್ತಿರಲಿಲ್ಲ. ಜಯಮ್ಮ ಅಡುಗೆಮನೆಯಿಂದ ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು, ನೋಡು, ಸರಿಹೋಗ್ತಿದಾಳೆ. ಬಾಗಿಲ ಹತ್ತಿರ ಮುನಿಕೃಷ್ಣಪ್ಪ ಅದೇ ಸನ್ನೆ ಮಾಡಿದ. ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ. ನಾನು ಇಬ್ಬರಿಗೂ ತಲೆ ಆಡಿಸಿದೆ. ಆಗಲಾದರೂ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ ಅಂತ ಬರೆದರೆ ಅರ್ಧ ಸುಳ್ಳು. ಏನೋ ಸರಿಯಿಲ್ಲ ಅನ್ನಿಸಿತು. ಕೇಳಿದರೆ ನನ್ನ ಕಳ್ಳತನ ಹೊರಗೆ ಬರುತ್ತದೆ ಎಂದು ಕೇಳಲಿಲ್ಲ.

ಮಗು ಸುಮ್ಮನಿದ್ದರೆ ಸರಿಹೋಗಿದೆ ಎಂದು ಮನೆಯವರು ತಿಳಿಯುತ್ತಾರೆ. ನಮ್ಮ ಕೆಲಸದವರೂ ಹಾಗೇ ತಿಳಿದರೆ ನಾವು ಯಾಕೆ ಬೇಕು?

ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಬಂತು. ಜಯಮ್ಮನ ಕಿರುಚಾಟ. ಪ್ರೇಮಾ ಕುತ್ತಿಗೆ ಒಂದು ಕಡೆಗೆ ತಿರುಗಿ ನಿಂತುಬಿಟ್ಟಿದೆ, ಕಣ್ಣುಗುಡ್ಡೆ ಮೇಲಕ್ಕೆ ಹೋಗಿದೆ, ನಾಲಿಗೆ ಒಳಗೆ ಹೋಗುತ್ತಿಲ್ಲ. ಪಕ್ಕದ ಮನೆಯವರು ಮೈಮೇಲೆ ದೇವರು ಬಂದಿದೆ ಎಂದು ಆರತಿ ತಂದಿದ್ದರಂತೆ. "ಆರತಿ ಬೇಡ, ಆಟೋ ಹಿಡೀರಿ" ಅಂದೆ. ಅವರು ಇಂದಿರಾನಗರದ ಒಂದು ನರ್ಸಿಂಗ್ ಹೋಮಿಗೆ ಹೋದರು. ನಾನು ದೊಮ್ಮಲೂರಿನ ನನ್ನ ಮನೆಯಿಂದ ಓಡಿದೆ.

ಅಲ್ಲಿದ್ದ ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನವನು. ನೋಡಿದ ಕೂಡಲೇ ಗೊತ್ತಾಯಿತು ಅವನಿಗೆ. "ಏನ್ ಮಾತ್ರೆ ಕೊಡ್ತಿದೀರ?"

ಜಯಮ್ಮ ನೆಲ ನೋಡಿದಳು. ಮುನಿಕೃಷ್ಣಪ್ಪ ಗೋಡೆ ನೋಡಿದ.

"ಹೇಳ್ರೀ. ಎಷ್ಟು ಕೊಡ್ತೀರ?"

"ಒಂದು, ಸರ್" ಅಂದಳು ಜಯಮ್ಮ. "ಮಧ್ಯಾಹ್ನ. ಸಾರಲ್ಲಿ."

"ಒಂದೇ ಸರ್" ಅಂದ ಮುನಿಕೃಷ್ಣಪ್ಪ ಅದೇ ಹೊತ್ತಿಗೆ. "ಸಂಜೆ. ಹಾಲಲ್ಲಿ."

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು.

ಮಂಚದ ಮೇಲೆ ಹುಡುಗಿ ಇದ್ದಳು. ಕುತ್ತಿಗೆ ಆ ಕಡೆಗೆ ತಿರುಗಿತ್ತು, ಕಿವಿ ನಮ್ಮ ಕಡೆಗಿತ್ತು. ಪೂರ್ತಿ ಎಚ್ಚರ ಇತ್ತು ಅವಳಿಗೆ.

ಒಂದು ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯಲ್ಲಿ ಕುತ್ತಿಗೆ ಸಡಿಲವಾಯಿತು. ಆ ಡಾಕ್ಟರು ಹೇಳಿದ್ದು ನಿಜ, ಹೆದರುವಂಥದ್ದೇನೂ ಅಲ್ಲ, ಮಾತ್ರೆ ಜಾಸ್ತಿಯಾದರೆ ಕೆಲವರಿಗೆ ಹೀಗಾಗುತ್ತದೆ, ಇಳಿಯುತ್ತದೆ. ಕುತ್ತಿಗೆಯದ್ದು ಇಳಿಯಿತು.

ಪ್ರೇಮಾ ಊಟ ಬಿಟ್ಟಳು. ಮನೆಯಲ್ಲಿ ಬೇಯಿಸಿದ್ದು ಏನನ್ನೂ ಮುಟ್ಟಲಿಲ್ಲ. ನೀರು ತಾನೇ ನಲ್ಲಿಯಿಂದ ಹಿಡಿದು ಕುಡಿಯುತ್ತಿದ್ದಳು. ಮೂರು ದಿನಕ್ಕೆ ಮುಖದ ಮೂಳೆ ಕಂಡವು. ಡಾಕ್ಟರಮ್ಮನಿಗೆ ನಾನೇ ಹೋಗಿ ಎಲ್ಲ ಹೇಳಿದೆ. ಅವರು ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಕಾರ್ಡು ತೆಗೆದು ನನ್ನ ಮುಂದೆ ಇಟ್ಟು, ಗುರುವಾರದ ಸಾಲಿನ ಮೇಲೆ ಬೆರಳಿಟ್ಟರು.

"ಓದೋಕೆ ಬರಲ್ಲ ಅನ್ನೋದು ತಪ್ಪಲ್ಲ ರತ್ನಮ್ಮ. ಕೇಳ್ಬಹುದಿತ್ತು" ಅಂದರು. "ನಾನೂ ನಿಮ್ಮನ್ನ ಕೇಳ್ಬೇಕಿತ್ತು, ಒಪ್ಪದೇ ಇದ್ದವ್ಳು ಎರಡೇ ದಿನದಲ್ಲಿ ಹೆಂಗೆ ಒಪ್ಪಿದ್ಲು ಅಂತ. ಪುಸ್ತಕದಲ್ಲಿ ಮಾತ್ರೆ ತಗೋತಿದಾಳೆ ಅಂತ ಇತ್ತಲ್ಲ, ಕೇಳ್ಲಿಲ್ಲ."

"ಈಗೇನ್ ಮಾಡೋದು ಮೇಡಂ?"

"ಹೋಗಿ ನಿಜ ಹೇಳಿ. ಕ್ಷಮಿಸ್ತಾಳೆ ಅಂತ ಹೋಗ್ಬೇಡಿ. ಊಟ ಮಾಡಿಸ್ತೀನಿ ಅಂತಾನೂ ಹೋಗ್ಬೇಡಿ. ಮೊದ್ಲು ನೀವು, ಆಮೇಲೆ ನಾನು ಬರ್ತೀನಿ."

ಹೋಗುವಾಗ ನಾಲ್ಕು ಹಸಿ ಮೊಟ್ಟೆ, ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡೆ. ಸಿಪ್ಪೆ ಇರುವುದರೊಳಗೆ ಯಾರೂ ಏನೂ ಬೆರೆಸಲು ಆಗುವುದಿಲ್ಲ. ಇದು ನನಗೆ ಹೊಳೆದದ್ದಲ್ಲ, ಹಿಂದಿನ ದಿನ ಅವಳು ಬೀದಿಯ ತಳ್ಳುಗಾಡಿಯಿಂದ ಒಂದು ಬಾಳೆಹಣ್ಣು ಎತ್ತಿಕೊಂಡು ಓಡಿದಳು ಎಂದು ಜಯಮ್ಮ ಹೇಳಿದ್ದಳು.

ಸಂಜೆ ಐದು ಗಂಟೆ. ಅವಳು ಟೆರೇಸಿನ ಮೇಲೆ ನೀರಿನ ತೊಟ್ಟಿಯ ನೆರಳಲ್ಲಿ ಕೂತಿದ್ದಳು. ನಾನು ದೂರದಲ್ಲೇ ಕೂತೆ. ಮೊಟ್ಟೆ, ಹಣ್ಣು ನಡುವೆ ಇಟ್ಟೆ.

"ಪ್ರೇಮಾ, ಸಾರಲ್ಲಿ ಮಾತ್ರೆ ಹಾಕೋಕೆ ನಿಮ್ಮಮ್ಮಂಗೆ ಹೇಳ್ಕೊಟ್ಟಿದ್ದು ನಾನು. ಹಾಲಲ್ಲಿ ಹಾಕೋಕೆ ನಿಮ್ಮಪ್ಪಂಗೂ ನಾನೇ. ಏನೂ ಹಾಕಲ್ಲ ಅಂತ ನಿಂಗೆ ಹೇಳಿ, ಗೇಟ್ ಹತ್ರ ಹೋಗಿ ಹಾಕು ಅಂದೆ. ನೀನು ಹೇಳಿದ್ದು ನಿಜ. ನಾನು ಹೇಳಿದ್ದು ಸುಳ್ಳು."

ಅವಳು ಒಂದು ಮೊಟ್ಟೆ ತೆಗೆದುಕೊಂಡು ಬಿಸಿಲಿಗೆ ಹಿಡಿದು, ಎಲ್ಲಾದರೂ ತೂತು ಇದೆಯಾ ಎಂದು ತಿರುಗಿಸಿ ತಿರುಗಿಸಿ ನೋಡಿದಳು.

"ಹಂಗಾದ್ರೆ ಮೇಲ್ಗಡೆ ಮನೆಯವ್ರು ನನ್ನ ಬಗ್ಗೆ ಮಾತಾಡೋದೂ ನಿಜ" ಅಂದಳು.

"ಇಲ್ಲಮ್ಮ. ಅದು..."

"ಇದೂ ಇಲ್ಲ ಅಂದಿದ್ದೆ ನೀನು."

ಅವಳ ತಲೆಯಲ್ಲಿದ್ದ ಹತ್ತು ಸುಳ್ಳಿಗೆ ನಾವು ಒಂದು ನಿಜದ ಸಾಕ್ಷಿ ಕೊಟ್ಟಿದ್ದೆವು. ಅಲ್ಲಿಯವರೆಗೆ 'ಆಂಟಿ, ನೀವು' ಎನ್ನುತ್ತಿದ್ದ ಹುಡುಗಿ 'ನೀನು' ಅಂದದ್ದೂ ಸರಿಯೇ ಇತ್ತು.

ಅವಳ ಮುಂದಿನ ಕಥೆ ಇಲ್ಲೇ ಹೇಳಿಬಿಡುತ್ತೇನೆ, ಚೆನ್ನಾಗಿ ಮುಗಿಯಿತು ಎಂದು ಯಾರೂ ತಿಳಿಯಬಾರದು. ಎರಡು ತಿಂಗಳು ಹಣ್ಣು, ತಾನೇ ಬೇಯಿಸಿಕೊಂಡ ಮೊಟ್ಟೆ, ಕಣ್ಣೆದುರೇ ಕೊಚ್ಚಿದ ಎಳನೀರು, ಇದರಲ್ಲೇ ಇದ್ದಳು. ಡಾಕ್ಟರಮ್ಮ ಎಷ್ಟೋ ಸಲ ಹೋಗಿ ಕೂತರು. ಮಾತ್ರೆ ಮುಟ್ಟಲಿಲ್ಲ. ಕಾಯಿಲೆ ಹೆಚ್ಚಿತು. ಒಂದು ದಿನ ಮೇಲಿನ ಮನೆಯವರ ಬಾಗಿಲಿಗೆ ಕಲ್ಲು ಹಾಕಿದಳು. ಬಲವಂತವಾಗಿ ಆಸ್ಪತ್ರೆಗೆ ಸೇರಿಸಿದರು. ಕಾಲು ಹಿಡಿಯಲು ಜನ ಸಾಲದೆ ನನ್ನನ್ನೂ ಕರೆದರು. ಹಿಡಿದೆ. ಕಾಲೇಜು ಹೋಯಿತು, ಸ್ನೇಹಿತೆಯರು ಹೋದರು. 'ಬೇಗ ಸಿಕ್ಕಿದಾಳೆ' ಅಂದಿದ್ದರಲ್ಲ, ಆ ಬೇಗ ಹೋಯಿತು. ಬಹಳ ವರ್ಷಗಳ ಮೇಲೆ ಈಗ ತಿಂಗಳಿಗೊಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಾಳೆ, ಸೀಲು ತಾನು ನೋಡಿದ ಮೇಲೆ. ಒಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ದಿನ ಕೆಲಸ. ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತಾಳೆ. ಜಯಮ್ಮ ಸಾಯುವ ತನಕ ಮಗಳು ಅವಳ ಕೈಯ ಒಂದು ತುತ್ತು ತಿನ್ನಲಿಲ್ಲ. ತಾಯಿ ಹೋದ ದಿನ ನಾನು ಬೀದಿಯಲ್ಲೇ ನಿಂತು ಬಂದೆ, ಯಾಕೆಂದರೆ ಆ ಮನೆಗೆ ನಾನು ಬರಕೂಡದು ಎಂದು ಪ್ರೇಮಾ ಡಾಕ್ಟರಮ್ಮನಿಗೆ ಹೇಳಿದ್ದಳು.

ಆ ಸಂಜೆ ಟೆರೇಸಿನಲ್ಲಿ ಅವಳು ಇನ್ನೊಂದು ಮಾತು ಕೇಳಿದ್ದಳು. ನಾನು ಎದ್ದು ಮೆಟ್ಟಿಲ ಹತ್ತಿರ ಬಂದಾಗ ಹಿಂದಿನಿಂದ ಕೂಗಿದಳು.

"ಏಯ್, ನಿಲ್ಲು. ಇನ್ನೆಷ್ಟು ಮನೇಲಿ ಹೇಳ್ಕೊಟ್ಟಿದೀಯ ಹಿಂಗೆ?"

ಬೆರಳು ಮಡಿಸಿ ಎಣಿಸಿದೆ. "ಏಳು."

"ಅವ್ರಿಗೆಲ್ಲ ಹುಚ್ಚು ಅಂತೀಯಲ್ಲ. ಅವ್ರೂ ಊಟದಲ್ಲಿ ಏನೋ ಇದೆ ಅಂತಾರಾ?"

"ಇಬ್ರು ಅಂತಾರೆ" ಅಂದೆ.

ಅವಳು ಮುಖ ತಿರುಗಿಸಿಕೊಂಡಳು. ಮೊಟ್ಟೆಯನ್ನು ಮಾತ್ರ ಕೈಯಲ್ಲೇ ಹಿಡಿದಿದ್ದಳು.

ಮಾರನೆಯ ಬೆಳಗ್ಗೆ ಕ್ಲಿನಿಕ್ಕಿನ ಬೀಗ ತೆಗೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತೆ. ಡಾಕ್ಟರಮ್ಮ ಬಂದರು. ಏಳು ಮನೆಯ ಹೆಸರೂ ಹೇಳಿದೆ. ಅವರು ಕೂರಲೇ ಇಲ್ಲ, ಚೀಲ ಹೆಗಲಿಗೆ ಹಾಕಿಕೊಂಡು, "ಹತ್ರದ್ದು ಯಾವ್ದು?" ಅಂದರು.

ಹತ್ತಿರದ್ದು ಕೆರೆ ಹಿಂದಿನ ಗಲ್ಲಿ. ಶೇಖರ್ ಎಂದು, ಮಿಲಿಟರಿಯವರ ಬಟ್ಟೆ ಹೊಲಿಯುತ್ತಿದ್ದ ನಲವತ್ತರ ಟೈಲರು. ಊಟದ ಅನುಮಾನ ಇದ್ದ ಇಬ್ಬರಲ್ಲಿ ಅವನೊಬ್ಬ. ಅವನ ತಾಯಿ ಕನ್ನಿಯಮ್ಮ ಎರಡು ವರ್ಷದಿಂದ ಬೆಳಗಿನ ಚಟ್ನಿಯಲ್ಲಿ ಬೆರೆಸುತ್ತಿದ್ದಳು. ಹಾಗೆ ಹೇಳಿಕೊಟ್ಟಿದ್ದು ನಾನು. ನಾವು ಹೋದಾಗ ಅವನು ತಟ್ಟೆ ಮುಂದೆ ಕೂತಿದ್ದ. ನನ್ನ ಮುಖ ನೋಡಿದ ಕೂಡಲೇ ಕನ್ನಿಯಮ್ಮನಿಗೆ ತಿಳಿದುಹೋಯಿತು. ಬಾಗಿಲಿಗೇ ಬಂದು ನನ್ನ ಕೈ ಹಿಡಿದುಕೊಂಡಳು.

"ವೇಣಾಂ ರತ್ನಕ್ಕ, ಬೇಡ. ಸುಮ್ನೆ ಇದಾನೆ. ಹಂಗೇ ಇರ್ಲಿ ಬಿಡಕ್ಕ, ನಿನ್ನ ಕಾಲು ಹಿಡ್ಕೋತೀನಿ."

ಅವಳ ಕೈ ಬಿಡಿಸಿಕೊಂಡು ಒಳಗೆ ಹೋಗಿ ಅವನ ಎದುರಿಗೆ ನೆಲದ ಮೇಲೆ ಕೂತೆ. ಅವನು ಇಡ್ಲಿ ಮುರಿದು ಚಟ್ನಿಗೆ ಅದ್ದಿ ಬಾಯಿಗೆ ಎತ್ತುತ್ತಿದ್ದ.

"ಶೇಖರ್, ತಿನ್ಬೇಡ, ತಾಳು. ಇದ್ರಲ್ಲಿ ಮಾತ್ರೆ ಇದೆ. ಹಾಕೋಕೆ ಹೇಳಿದ್ದು ನಿಮ್ಮಮ್ಮ ಅಲ್ಲ, ನಾನು" ಅಂದೆ.